ಕೇಬಲ್ ಕಳಚಿದ ಮೇಲೆ ಬಂದ ಮಾತು

ಇಂಥದ್ದನ್ನು ಬೇರೆಯವರು ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಅಪ್ಪ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಓದಿಸಿದ ಮಗಳು ನಾನು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಅಮ್ಮ ಮೆಣಸಿನಕಾಯಿ ನಿವಾಳಿಸಲು ಬಂದರೆ, 'ಇದಕ್ಕೇನಾ ನಾನು ಬಿಎಸ್ಸಿ ಓದಿದ್ದು?' ಅಂತ ಜಗಳಕ್ಕೆ ನಿಲ್ಲುತ್ತಿದ್ದೆ.

ಎರಡು ವರ್ಷದ ಹಿಂದೆ, ಮೈಯೆಲ್ಲ ಸ್ವಾಧೀನ ತಪ್ಪಿದವರ ಮೆದುಳಿಗೆ ಚಿಪ್ ಕೂರಿಸಿ ಅವರ ಮಾತನ್ನು ಕಂಪ್ಯೂಟರಿನಿಂದ ಆಡಿಸುವ ಪ್ರಯೋಗವೊಂದರಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ವಾರಕ್ಕೆ ಮೂರು ದಿನ ರಾಮಮೂರ್ತಿ ನಗರದ ಮುನಿರಾಜು ಅವರ ಮನೆಗೆ ಹೋಗುತ್ತಿದ್ದೆ. ಬಸ್ ಕಂಡಕ್ಟರ್ ಆಗಿದ್ದವರು. ನರದ ಕಾಯಿಲೆ ಬಂದು ಕೊನೆಗೆ ಕಣ್ಣುಗುಡ್ಡೆ ಕೂಡ ಹೊರಳುತ್ತಿರಲಿಲ್ಲ. ತಲೆಯ ಮೇಲಿನ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿದರೆ ಮಾತ್ರ, ಮಗಳ ಮದುವೆ ವಿಡಿಯೋದಿಂದ ಹೆಕ್ಕಿಕೊಂಡ ಅವರದೇ ದನಿಯಲ್ಲಿ ಕಂಪ್ಯೂಟರ್ ಮಾತಾಡುತ್ತಿತ್ತು. ದಿನಾ ಮೊದಲು ಬರುತ್ತಿದ್ದುದು 'ಟಿಕೆಟ್ ತಗೊಂಡ್ರಾ ಮೇಡಂ?' ಅನ್ನೋದು. ಹೆಂಡತಿ ಜಯಮ್ಮ, 'ಮಲಗಿದ್ರೂ ಕೊಬ್ಬು ಇಳಿದಿಲ್ಲ ನೋಡಿ' ಅಂತ ನಗೋರು.

ಆದರೆ ಚಿಪ್ಪಿನ ಸಿಗ್ನಲ್ ಕುಗ್ಗುತ್ತಾ ಬಂತು. ಇನ್ನೊಂದು ಆಪರೇಷನ್ ಮಾಡಿ ಹೊಸದು ಹಾಕದಿದ್ದರೆ ಮಾತು ನಿಂತೇಹೋಗುತ್ತದೆ. ಹಾಕಿಸಿದರೆ ಜೀವಕ್ಕೆ ಅಪಾಯ. ಅವರದೇ ಉತ್ತರ ರೆಕಾರ್ಡ್ ಮಾಡಿಕೊಂಡು ಬಾ ಅಂತ ಡಾಕ್ಟರು ನನ್ನನ್ನು ಕಳಿಸಿದರು.

ಬೆಳಗ್ಗೆ ಹನ್ನೊಂದು ಗಂಟೆ. ಹೊರಗೆ ಸೊಪ್ಪಿನ ಗಾಡಿಯವನು ಕೂಗುತ್ತಿದ್ದ. ಆಪರೇಷನ್ ಮಾಡಿಸೋದಾ ಅಂತ ಮುನಿರಾಜು ಅವರನ್ನು ಬಿಟ್ಟು ಬಿಟ್ಟು ಮೂರು ಸಲ ಕೇಳಿದೆ. ಮೂರು ಸಲವೂ 'ಮಾಡಿಸಿ' ಅಂದರು. ಕೇಬಲ್ ಕಳಚಿ ಸುತ್ತಿ ಬ್ಯಾಗಿಗೆ ಹಾಕಿದೆ. ಕಂಪ್ಯೂಟರ್ ಮುಚ್ಚಲು ಕೈ ಚಾಚಿದಾಗ ಅದು ಮಾತಾಡಿತು.

'ಬೇಡ ಜಯಾ. ಕಳಿಸ್ಬೇಡ.'

ಅದೇ ದನಿ. ನಾನು ತಡಬಡಾಯಿಸಿ ಕೇಬಲ್ ಮತ್ತೆ ಸಿಕ್ಕಿಸಿದೆ. ಆಮೇಲೆ ಮುನಿರಾಜು ಕೇಳಿದರು: 'ಅದ್ಯಾರು?' ಮತ್ತೆ, 'ನಾನಲ್ಲ.'

ಜಯಮ್ಮ ಮಂಚದ ತುದಿಯಲ್ಲಿ ಕೂತುಬಿಟ್ಟಿದ್ದರು. 'ಜನದ ಎದುರು ನನ್ನ ಹೆಸರು ಹಿಡಿದು ಕರೆಯೋರಲ್ಲ ಇವ್ರು' ಅಂದರು. 'ಇದು ಒಳಗಿನ ಮಾತು ಮೇಡಂ. ನಿಮ್ಮೆದುರಿಗೆ ಧೈರ್ಯ ತೋರಿಸ್ತಾವ್ರೆ, ಅಷ್ಟೆ.'

ಕಂಪ್ಯೂಟರಿನ ದಾಖಲೆ ತೆಗೆದು ನೋಡಿದೆ. ಆ ಹೊತ್ತಿನ ಜಾಗ ಖಾಲಿ. ಹಳೆಯ ಮಾತೇನಾದರೂ ಉಳಿದು ಆಡಿತೇನೋ ಅಂತ ಅಷ್ಟೂ ದಿನದ್ದನ್ನು ಹುಡುಕಿದೆ. ಆ ಮಾತು ಅವರು ಎಂದೂ ಆಡಿರಲಿಲ್ಲ.

ಬರೆಯಲೋ ಬೇಡವೋ ಅಂತ ಎರಡು ದಿನ ಒದ್ದಾಡಿ, ಕೇಳಿದ್ದನ್ನು ಕೇಳಿದ ಹಾಗೇ ವರದಿಯಲ್ಲಿ ಬರೆದೆ. ಮೆಷಿನ್ ತಾನಾಗಿ ಮಾತಾಡುವುದಾದರೆ ಅದರ 'ಮಾಡಿಸಿ'ಯನ್ನೂ ನಂಬುವ ಹಾಗಿಲ್ಲ ಅಂದರು ಮೇಲಿನವರು. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಜಯಮ್ಮನೂ ಸಹಿ ಹಾಕಲಿಲ್ಲ. ಮುನಿರಾಜು ಮಾತ್ರ ಹೋದಾಗಲೆಲ್ಲ 'ಮಾಡಿಸಿ ಮೇಡಂ' ಅನ್ನುತ್ತಲೇ ಇದ್ದರು. ಟಿಕೆಟ್ ಕೇಳುವುದನ್ನು ಬಿಟ್ಟಿದ್ದರು. ಬರುಬರುತ್ತಾ ಮಾತು ತುಂಡಾಯಿತು. ಕೊನೆಯ ದಿನ 'ಮಾ' ಅಂದದ್ದಷ್ಟೇ.

ಅವರು ಈಗಲೂ ಬದುಕಿದ್ದಾರೆ, ಮಾತಿಲ್ಲದೆ. ಆ ದನಿ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾವೆಲ್ಲ ಸೇರಿ ನಡೆಸಿಕೊಟ್ಟದ್ದು ಮಾತ್ರ ಅದರ ಮಾತನ್ನೇ.