ಜುನ್ ಹೇಳಿದ್ದಲ್ಲ

ಮಾರಿವಿಕ್, ನಿಮ್ಮ ತಮ್ಮನ ಹೆಸರನ್ನು ಆ ಫಾರ್ಮಿನಲ್ಲಿ ಬರೆದವನು ನಾನು. ಜುನ್ ಅಲ್ಲ. ಜುನ್ ಯಾರ ಬಳಿಯೂ ಬಾಯಿ ಬಿಡಲಿಲ್ಲ. ಆರು ವರ್ಷಗಳಿಂದ ನೀವು ಅವನ ಮೇಲಿಟ್ಟುಕೊಂಡಿರುವ ಸಿಟ್ಟು ನನಗೆ ಸಲ್ಲಬೇಕಾದದ್ದು.

ನಿಮಗೆ ಓದಲು ಬಾರದ ಭಾಷೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ನಮ್ಮಿಬ್ಬರ ನಡುವೆ ಇದ್ದದ್ದು ಇಂಗ್ಲಿಷ್. ಅದರಲ್ಲಿ ಒಂದೂ ತಪ್ಪಿಲ್ಲದೆ ವಂಚಿಸುವುದು ನನಗೆ ಬರುತ್ತದೆ. ಕನ್ನಡದಲ್ಲಾದರೆ ಅಮ್ಮನ ಎದುರು ನಿಂತ ಹಾಗಾಗುತ್ತದೆ — ಆದ್ದರಿಂದ ಮೊದಲು ಇಲ್ಲಿ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆ ಗೋದಾಮಿನಲ್ಲಿ ನೀವು ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುತ್ತಿದ್ದಿರಿ. ಜುನ್ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ನಾನು ಆಫೀಸಿನಲ್ಲಿ ಎಲ್ಲರ ವೀಸಾ ಕಾಗದಗಳನ್ನು ನೋಡಿಕೊಳ್ಳುತ್ತಿದ್ದೆ. ನೀವಿಬ್ಬರೂ ಫಿಲಿಪೈನ್ಸಿನ ಒಂದೇ ಊರಿನವರು, ಡಿಸೆಂಬರ್ ರಜೆಯಲ್ಲಿ ಮದುವೆಯಾಗುವವರು. ಉಣ್ಣುವಾಗ ಹತ್ತಿರ ಸುಳಿದವರನ್ನು ಕರೆಯದೆ ಬಿಡುವುದು ನಿಮ್ಮವರಲ್ಲಿ ಇಲ್ಲ. ಗೋದಾಮಿನ ಹಿಂದಿನ ನೆರಳಿನಲ್ಲಿ ನನ್ನನ್ನೂ ಕೂರಿಸಿಕೊಂಡಿರಿ. ಈ ದೇಶದಲ್ಲಿ ನನ್ನನ್ನು ಊಟಕ್ಕೆ ಕರೆದವರು ನೀವಿಬ್ಬರೇ.

ಒಂದು ದಿನ ಅಮೆರಿಕದ ಸೇನೆಗೆ ಹೋಗಬೇಕಾದ ಡೇರೆಗಳು ಬಂದಿದ್ದವು. ಅನ್ನದ ಡಬ್ಬಿ ಬಿಚ್ಚುತ್ತಾ ನೀವು ನಕ್ಕಿರಿ. “ಎಂತ ಸರ್” — ನಮ್ಮ ಮ್ಯಾನೇಜರ್, ಮಂಗಳೂರಿನ ಫೆಲಿಕ್ಸ್ ಸರ್ ಅವರಿಂದ ನೀವು ಕಲಿತ ಕನ್ನಡ ಅಷ್ಟೇ, ಉಳಿದದ್ದು ಇಂಗ್ಲಿಷ್ — “ಎಂತ ಸರ್, ಇವರ ಡೇರೆಗೆ ನಾನು ಚೀಟಿ ಅಂಟಿಸ್ತೇನೆ. ಇವರು ನಮ್ಮ ಸೈನ್ಯಕ್ಕೆ ಕೊಟ್ಟ ವಿಮಾನ ನನ್ನ ತಮ್ಮನನ್ನು ಹುಡುಕ್ತದೆ!”

ತಮ್ಮನ ಹೆಸರು ಹೇಳಿ, ಅವನು ಬೆಟ್ಟಕ್ಕೆ ಹೋಗಿದ್ದಾನೆ ಎಂದಿರಿ. ಕಮ್ಯುನಿಸ್ಟ್ ಗೆರಿಲ್ಲಾಗಳನ್ನು ಸೇರಿದವರ ಬಗ್ಗೆ ನಿಮ್ಮೂರಿನಲ್ಲಿ ಹಾಗೆಯೇ ಹೇಳುತ್ತಾರಂತೆ. “ಪಕ್ಕದ ಮನೆಯ ಹುಡುಗ ಸೈನ್ಯದಲ್ಲಿದ್ದಾನೆ. ಅವನ ಕೈಯಲ್ಲಿ ಅಮೆರಿಕದ ಬಂದೂಕು, ಕಲಿಸಿದವನೂ ಅಮೆರಿಕದವನೇ. ಅವನು, ನನ್ನ ತಮ್ಮ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು ಸರ್.”

ಜುನ್ ಅನ್ನ ಕಲಸುವುದನ್ನು ನಿಲ್ಲಿಸಿ, “ಸಾಕು” ಎಂದ.

“ಸರ್ ನಮ್ಮವರಲ್ವಾ?” ಎಂದಿರಿ ನೀವು.

ನಮ್ಮವರು — ಆ ಮಾತು ಕೇಳಿ ನನಗಾದ ಸಂತೋಷವನ್ನು ಇಂದು ನೆನೆಯಲೂ ನಾಚಿಕೆಯಾಗುತ್ತದೆ.

ಎರಡು ತಿಂಗಳ ನಂತರ ಆ ಅಮೆರಿಕದ ಗುತ್ತಿಗೆ ದೊಡ್ಡದಾಯಿತು. ಸಿಬ್ಬಂದಿಯ ಕುಟುಂಬದ ವಿವರ ಕೇಳುವ ಫಾರ್ಮುಗಳು ಬಂದವು. ಒಡಹುಟ್ಟಿದವರು ಯಾರು, ಎಲ್ಲಿದ್ದಾರೆ, ಏನು ಮಾಡುತ್ತಾರೆ, ಸಶಸ್ತ್ರ ಗುಂಪುಗಳ ಸಂಬಂಧ ಉಂಟೇ. ನೀವು ನಿಮ್ಮ ತಂಗಿಯರಿಬ್ಬರನ್ನು ಬರೆದು ನಿಲ್ಲಿಸಿದ್ದಿರಿ. ಕೆಳಗೆ, ‘ನನಗೆ ತಿಳಿದಂತೆ ಈ ವಿವರ ಪೂರ್ಣವಾಗಿದೆ’ ಎಂಬ ಸಾಲಿನಡಿ, ಪರಿಶೀಲಿಸಿದವನ ಸಹಿ. ಅದು ನನ್ನದು.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಬೀಡಿ ಕಟ್ಟುತ್ತಿದ್ದ ಅಮ್ಮನ ರೇಷನ್ ಕಾರ್ಡಿನ ಅರ್ಜಿ, ಒಂದು ಕಲಂ ಖಾಲಿ ಇದೆಯೆಂದು, ತಾಲೂಕು ಕಚೇರಿಯಿಂದ ಮೂರು ಸಲ ಹಿಂದೆ ಬಂದಿತ್ತು. ಖಾಲಿ ಕಲಂ ಕಂಡರೆ ಅಂದಿನಿಂದ ನಾನು ಅದನ್ನು ತುಂಬದೆ ಬಿಡುವುದಿಲ್ಲ. ಆದರೆ —

ಆದರೆ ಫೆಲಿಕ್ಸ್ ಸರ್ ನನ್ನ ಮೇಜಿನ ಬಳಿ ನಿಂತು ಹೇಳಿದ್ದರು: “ಎಂತ ಮಾರಾಯಾ, ಪರೀಕ್ಷೆ ಬರೀತಾ ಇದ್ದಿಯಾ? ಅವರವರು ಬರ್ದದ್ದು ಸಾಕು. ಸೈನ್ ಹಾಕಿ ಕಳ್ಸು, ಯಲ್ಲಾ, ಬೇಗ!”

ಸಾಕು ಎಂದಿದ್ದರು. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಅವರು ಹೋದ ಮೇಲೆ ನಾನು ಪೆನ್ನು ತೆಗೆದು ನಿಮ್ಮ ತಮ್ಮನ ಹೆಸರು ಬರೆದೆ. ಗೆರಿಲ್ಲಾ ಎಂಬ ಪದದ ಇಂಗ್ಲಿಷ್ ಅಕ್ಷರಗಳು ತಪ್ಪಬಾರದೆಂದು ನಿಘಂಟು ತೆರೆದು ನೋಡಿದೆ. ನಿಮಗೇನಾಗಬಹುದು ಎಂದು ನೋಡಲಿಲ್ಲ.

ಮೂರು ವಾರಗಳಲ್ಲಿ ನಿಮ್ಮ ವೀಸಾ ರದ್ದಾಯಿತು. ಆ ಕಾಗದವನ್ನು ಸಿದ್ಧಪಡಿಸಿದವನೂ ನಾನೇ. ಸಹಿ ಹಾಕಲು ಬಂದ ನೀವು ಕೂರಲಿಲ್ಲ.

“ತಮ್ಮನ ವಿಷಯ ಇಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು ಸರ್. ನೀವು ಹೇಳಿದಿರಾ?”

ನಾನು ಕಾಗದಗಳನ್ನು ಸರಿಪಡಿಸುತ್ತಾ ಹೇಳಿದೆ: “ಮೊನ್ನೆ ಜುನ್‌ನನ್ನು ಆಫೀಸಿಗೆ ಕರೆಸಿದ್ದರು.”

ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಅವನನ್ನು ಕರೆಸಿದ್ದು ಫೋರ್ಕ್‌ಲಿಫ್ಟ್ ಲೈಸೆನ್ಸ್ ನವೀಕರಣದ ಸಹಿಗೆ. ಅಷ್ಟನ್ನು ನಾನು ಹೇಳಲಿಲ್ಲ. ನಿಮ್ಮ ಮುಖ ಬದಲಾಗುವುದನ್ನು ನೋಡಿದೆ — ಆಗಲೂ ಹೇಳಬಹುದಿತ್ತು. ನೀವು ಬಾಗಿಲವರೆಗೆ ಹೋಗುವಷ್ಟು ಸಮಯ ನನಗಿತ್ತು.

ಜುನ್ ನಿಮ್ಮ ಚೀಲ ಹೊರಲು ಬಂದಾಗ ನೀವು ಅವನತ್ತ ತಿರುಗಿಯೂ ನೋಡಲಿಲ್ಲವಂತೆ. ಡಿಸೆಂಬರ್‌ನಲ್ಲಿ ಅವನು ಊರಿಗೆ ಹೋಗಲಿಲ್ಲ. ಗೋದಾಮಿನ ಹಿಂದಿನ ನೆರಳಿನಲ್ಲಿ ಒಬ್ಬನೇ ಕೂತು, ನಾನು ಹಾದುಹೋದಾಗಲೆಲ್ಲ ಡಬ್ಬಿ ಎತ್ತಿ ತೋರಿಸಿ, “ಬನ್ನಿ ಸರ್, ಊಟ ಮಾಡುವಾ” ಎನ್ನುತ್ತಿದ್ದ. ನನ್ನ ಊಟವಾಗಿದೆ ಎನ್ನುತ್ತಿದ್ದೆ. ಆ ಕರೆಯನ್ನು ತಾಳಲಾರದೆ ಕೆಲಸ ಬದಲಿಸಿ ಅಬುಧಾಬಿಗೆ ಬಂದೆ. ಇಲ್ಲಿನ ಬನಿಯಾಸ್ ಬಡಾವಣೆಯಲ್ಲಿ ಒಂದು ಕೋಣೆ. ಇಷ್ಟು ವರ್ಷಗಳಲ್ಲಿ ಅದರ ಬಾಗಿಲು ತಟ್ಟಿದವರು ಎಸಿ ರಿಪೇರಿಯವರು ಮಾತ್ರ. ಶುಕ್ರವಾರ ಅನ್ನ ಮಾಡಿ, ತಟ್ಟೆಗೂ ಬಡಿಸಿಕೊಳ್ಳದೆ, ಪಾತ್ರೆಯಲ್ಲೇ ಉಣ್ಣುತ್ತೇನೆ.

ನಾನು ಬರೆದ ಆ ಸಾಲು ಎಲ್ಲಿಯವರೆಗೆ ಹೋಯಿತು ಎಂಬುದೂ ನನಗೆ ತಿಳಿಯದು. ಗುತ್ತಿಗೆದಾರನ ಫೈಲಿನಲ್ಲೇ ಉಳಿಯಿತೋ, ಅಲ್ಲಿಂದ ನಿಮ್ಮ ಬೆಟ್ಟದ ಮೇಲೆ ಹಾರುವವರ ಕೈಗೆ… ನಿಮ್ಮ ತಮ್ಮ ಈಗ —

ಕಳೆದ ಶುಕ್ರವಾರ ಅಬುಧಾಬಿಯ ಬಸ್ ನಿಲ್ದಾಣದಲ್ಲಿ ಜುನ್ ಸಿಕ್ಕಿದ. ಕೂದಲು ನರೆತಿದೆ. ಇನ್ನೂ ದುಬೈಯ ಅದೇ ಗೋದಾಮಿನಲ್ಲಿದ್ದಾನಂತೆ. ಬೇಡವೆಂದರೂ ನನಗೆ ಕರಕ್ ಚಹಾ ತಂದುಕೊಟ್ಟ. ನಿಮ್ಮಿಂದ ಇಂದಿಗೂ ಉತ್ತರವಿಲ್ಲವಂತೆ. ಲೋಟ ಖಾಲಿಯಾದ ಮೇಲೆ ಕೇಳಿದ: “ಸರ್, ನಾನೇನು ತಪ್ಪು ಮಾಡಿದೆ ಅಂತ ಅವಳು ನಿಮಗೆ ಏನಾದ್ರೂ ಹೇಳಿದ್ಲಾ?”

“ಇಲ್ಲ” ಎಂದೆ.

ಅದೂ ನಿಜವೇ. ಅವನ ಬಗ್ಗೆ ನೀವು ನನಗೆ ಏನನ್ನೂ ಹೇಳಿರಲಿಲ್ಲ. ಅವನು ತಲೆಯಾಡಿಸಿ, ನನ್ನ ಲೋಟವನ್ನೂ ತಾನೇ ತೆಗೆದುಕೊಂಡು ಹೋಗಿ ಕಸದ ಡಬ್ಬಿಗೆ ಹಾಕಿ ಬಂದ.

ನಾಳೆ ಮೊದಲ ಬಸ್ಸಿಗೆ ದುಬೈಗೆ ಹೋಗುತ್ತೇನೆ. ಮೊದಲು ಅವನಿಗೆ, ಎದುರು ನಿಂತು ಹೇಳುತ್ತೇನೆ. ನಿಮ್ಮ ಊರಿನ ವಿಳಾಸ ನನಗೆ ಇನ್ನೂ ಬಾಯಿಪಾಠವಿದೆ. ಅದನ್ನು ಎಷ್ಟು ಫಾರ್ಮುಗಳಲ್ಲಿ ತುಂಬಿದ್ದೇನೆ! ಇಂಗ್ಲಿಷ್ ಪತ್ರವನ್ನು ಅಲ್ಲಿಗೆ ಕಳುಹಿಸುತ್ತೇನೆ. ನಾನು ಮಾಡಿದ್ದು ಏನು, ಜುನ್ ಮಾಡದೆ ಇದ್ದದ್ದು ಏನು — ಎರಡೂ ಅದರಲ್ಲಿವೆ. ಏಕೆ ಮಾಡಿದೆ ಎಂದು ಹೇಳಬೇಕಾದಲ್ಲಿ ಮೊದಲು ಅಮ್ಮನ ಅರ್ಜಿಯ ಕಥೆ ಬರೆದಿದ್ದೆ. ಅದನ್ನು ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡೆ. ಆ ಹೊಸ ಹಾಳೆಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.