ಊರಾಚೆಯಿಲ್ಲದ ಊರು

ಬಿ.ಜಿ. ಕೆರೆ ಹತ್ತಿರದ ನಮ್ಮ ಹಟ್ಟಿಯಿಂದ ನಾನು, ನನ್ನ ಗಂಡ, ನನ್ನವ್ವ ಗಣಿ ಕೆಲಸಕ್ಕೆ ಹೋದದ್ದು ಅದಿರಿಗೆ ಹುಚ್ಚು ಬೆಲೆ ಬಂದ ಹೊಸದರಲ್ಲಿ. ದೇವಸಮುದ್ರ ದಾಟಿ, ಬಳ್ಳಾರಿ ಕಡೆಗೆ. ಕುರಿ ಮೇಯುತ್ತಿದ್ದ ಬಯಲಲ್ಲಿ ತಗಡಿನ ಶೆಡ್ಡುಗಳು ಎದ್ದಿದ್ದವು. ಚಾ ಅಂಗಡಿ, ಫೋನ್ ಬೂತು, ಸಿನಿಮಾ ತೋರಿಸುವ ಡೇರೆ ಎಲ್ಲ ಇತ್ತು. ನೀರು ಮಾತ್ರ ಟ್ಯಾಂಕರಿನವನ ಮರ್ಜಿ. ಹಗಲೆಲ್ಲ ಸುತ್ತಿಗೆಯಲ್ಲಿ ಕಲ್ಲು ಒಡೆದು ಜರಡಿ ಹಿಡಿಯುವುದು. ಮುದ್ದೆ ಕೆಂಪು, ಸೆರಗು ಕೆಂಪು, ಉಗುಳಿದರೂ ಕೆಂಪು. ಮಲಗಿ ಎದ್ದರೂ ದಣಿವು ಇಳಿಯುತ್ತಿರಲಿಲ್ಲ.

ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಮುಟ್ಟಾದೆ. ಹಟ್ಟಿಯಲ್ಲಾದರೆ ಕಂಬಳಿ ಹಿಡಿದು ಊರಾಚೆಯ ಗುಡಿಸಲಿಗೆ ಹೋಗಬೇಕು, ದೇವರಿದ್ದ ಕಡೆ ಸುಳಿಯಬಾರದು. ಅಲ್ಲಿಯೂ ಕಂಬಳಿ ಹೆಗಲಿಗೆ ಹಾಕಿ ಹೊರಟೆ. ಶೆಡ್ಡಿನಾಚೆ ಶೆಡ್ಡು, ಅದರಾಚೆ ಲಾರಿಗಳ ಸಾಲು, ಅದರಾಚೆ ಗಣಿಯ ಗುಂಡಿ. ಅವ್ವ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

“ಇಲ್ಲಿ ಊರೇ ಇಲ್ವಲ್ಲೇ. ಊರಾಚೆ ಎಲ್ಲಿಂದ ತರ್ಲಿ? ಒಳಗೇ ಬಿದ್ಕ.”

ಆಮೇಲೆ ಕೆಲವು ದಿನ ಅವ್ವ ಮೈಲಿಗೆಯಾದ ಮನೆಗೆ ಹಾವೋ ಚೇಳೋ ಬಂದೇ ಬರುತ್ತದೆಂದು ಮೂಲೆ ಮೂಲೆ ಇಣುಕಿದಳು. ಏನೂ ಬರಲಿಲ್ಲ. ನನಗಂತೂ ಆ ಹಾಳು ಧೂಳಿನ ಊರಿನ ಮೇಲೆ ಪ್ರೀತಿ ಹುಟ್ಟಿದ್ದೇ ಆಗ.

ಬಸಿರಾದಾಗ ಮಾತ್ರ ಅವ್ವ ಪಟ್ಟು ಹಿಡಿದಳು. ಮುಟ್ಟು ಬೇರೆ, ಹೆರಿಗೆ ಬೇರೆ, ಹಟ್ಟಿಗೇ ಹೋಗಬೇಕು ಅಂದಳು. ಹಟ್ಟಿ ಅಂದರೆ ಮತ್ತೆ ಆ ಗುಡಿಸಲು. ನನ್ನ ಮೊದಲ ಕೂಸು ಅಲ್ಲೇ ಹುಟ್ಟಿ, ಮಳೆಗಾಳಿಗೆ ಸೆಟೆದು, ಅಲ್ಲೇ ಹೋಗಿತ್ತು. ಯಾರೂ ಮುಟ್ಟುವಂತಿರಲಿಲ್ಲ, ಬಾಗಿಲಿಂದ ದೂರ ಅನ್ನ ಇಟ್ಟು ಹೋಗುತ್ತಿದ್ದರು. ನಾನು ಬರುವುದಿಲ್ಲ, ಬೇಕಾದರೆ ಕಲ್ಲಿನ ರಾಶಿಯ ಮೇಲೆ ಹೆರುತ್ತೇನೆ ಅಂದೆ. ಅವ್ವ ನನ್ನ ಜೊತೆ ಮಾತು ಬಿಟ್ಟಳು. ಒಂದೇ ಶೆಡ್ಡಿನಲ್ಲಿ ಮುಖ ತಿರುಗಿಸಿಕೊಂಡು ಬದುಕುವುದು ಕಲ್ಲೊಡೆಯುವುದಕ್ಕಿಂತ ಕಷ್ಟ.

ದಿನ ತುಂಬುವ ಮೊದಲೇ, ಒಂದು ಮಧ್ಯಾಹ್ನ, ನೋವು ಶುರುವಾಯಿತು. ಆಸ್ಪತ್ರೆಗೆ ಜೀಪು ತರಲು ಹೋದ ಗಂಡ ಲಾರಿಗಳ ನಡುವೆ ಸಿಕ್ಕಿಕೊಂಡ. ಪಕ್ಕದ ಶೆಡ್ಡಿನ ರಾಯದುರ್ಗದ ಹೆಂಗಸೇ ಓಡಿ ಬಂದು ಹೆರಿಗೆ ಮಾಡಿಸಿದಳು. ಹೆಣ್ಣು ಕೂಸೆಂದು ತೆಲುಗಿನಲ್ಲಿ ಕೂಗಿ ಹೇಳಿ, ನನ್ನ ಪಕ್ಕಕ್ಕೆ ಮಲಗಿಸಿ, ಬಿಸಿನೀರು ತರಲು ತನ್ನ ಶೆಡ್ಡಿಗೆ ಹೋದಳು.

ಅವ್ವ ಬಾಗಿಲಾಚೆ ನಿಂತಿದ್ದಳು. ಪದ್ಧತಿಯ ಪ್ರಕಾರ ಅವಳು ಬಾಣಂತಿಯನ್ನಾಗಲಿ ಕೂಸನ್ನಾಗಲಿ ಮುಟ್ಟಬಾರದು. ಕೂಸು ಅಳುತ್ತಿತ್ತು. ಬರುಬರುತ್ತಾ ಆ ಅಳು ಸಣ್ಣದಾಯಿತು. ನನಗೆ ಕೈ ಎತ್ತಲೂ ತ್ರಾಣವಿರಲಿಲ್ಲ. ಕರೆಯಬೇಕೆನಿಸಿತು, ಕರೆಯಲಿಲ್ಲ. ಬರದಿದ್ದರೆ ಅನ್ನುವ ಭಯ.

ಅವ್ವ ಒಳಗೆ ಬಂದಳು. ಕೂಸನ್ನೆತ್ತಿ ರವಿಕೆಯೊಳಗೆ, ಬರೀ ಎದೆಗೆ ಅವುಚಿಕೊಂಡು, ತಗಡಿಗೆ ಬೆನ್ನು ಕೊಟ್ಟು ಕುಸಿದು ಕೂತಳು. ಎಷ್ಟೋ ಹೊತ್ತಿನ ಮೇಲೆ ಅಳು ಮತ್ತೆ ಜೋರಾಯಿತು. ಅವ್ವನೂ ಅಳುತ್ತಿದ್ದಳು.

“ಮೊದಲ್ನೇದನ್ನ ಒಂದ್ಸಲಾನೂ ಎತ್ಕೊಂಡಿಲ್ಲ ಕಣೇ ನಾನು” ಅಂದಳು.