ದಾಸಪ್ಪ ಮತ್ತು ಆರು ತಿಂಗಳ ಬಾಯ್ಲರು

ದಾಸಪ್ಪನನ್ನು ನಮ್ಮೂರಲ್ಲಿ ಯಾರೂ ಬುದ್ಧಿವಂತ ಅಂದದ್ದಿಲ್ಲ. ನಾನೂ ಅಂದಿಲ್ಲ. ನಾನು ಹಾಲಿನ ಡೈರಿಯ ಕಾರ್ಯದರ್ಶಿ. ದಿನಾ ಬೆಳಿಗ್ಗೆ ಊರಿನವರ ಮುಖವನ್ನೂ ಅವರು ತರುವ ಹಾಲನ್ನೂ ನೋಡುವವನು. ಯಾರು ಎಷ್ಟು ನೀರು ಬೆರೆಸುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ದಾಸಪ್ಪ ಹಾಲಿಗೂ ಬೆರೆಸುತ್ತಿರಲಿಲ್ಲ, ಮಾತಿಗೂ ಬೆರೆಸುತ್ತಿರಲಿಲ್ಲ. ಇಂಥವನಿಗೆ ಈ ಕಾಲದಲ್ಲಿ ಬಾಳುವುದು ಕಷ್ಟ ಅಂತ ನನಗೆ ಆಗಲೇ ಅನ್ನಿಸಿತ್ತು.

ನಮ್ಮೂರು ಕನಕಪುರದ ರಸ್ತೆಯಿಂದ ಒಳಕ್ಕೆ, ಹಾರೋಹಳ್ಳಿಗೆ ಹತ್ತಿರ. ಎರಡು ಸಾವಿರದ ಇಸವಿ ಕಳೆದ ಮೇಲೆ ಕೈಗಾರಿಕೆಗೆ ಅಂತ ಜಮೀನು ಹಿಡಿದುಕೊಂಡಾಗ ದಾಸಪ್ಪನ ರಾಗಿ ಹೊಲ ಪೂರ್ತಿ ಹೋಯಿತು. ಉಳಿದದ್ದು ಮನೆ ಹಿಂದಿನ ಹಿಪ್ಪುನೇರಳೆ ತೋಟ ಒಂದೇ. ಹೊಲದ ಮೇಲೆ ಬಟ್ಟೆಗೆ ಬಣ್ಣ ಹಾಕುವ ಫ್ಯಾಕ್ಟರಿ ಎದ್ದಿತು. ಜಮೀನು ಕೊಟ್ಟವರ ಮನೆಗೊಂದು ಕೆಲಸ ಅಂದಿದ್ದರು. ಹಾಗಾಗಿ ದಾಸಪ್ಪ ತನ್ನ ಹೊಲಕ್ಕೆ ತಾನೇ ಕೂಲಿಗೆ ಹೋದ.

ಬಣ್ಣ ಕುದಿಸಲು ಹಬೆ ಬೇಕು, ಹಬೆಗೆ ಬಾಯ್ಲರು ಬೇಕು. ಬಾಯ್ಲರನ್ನು ನೆಲಕ್ಕೆ ಕೂರಿಸಿದರೆ ಮಾತ್ರ ಕಷ್ಟ ಶುರು. ಪಟ್ಟಣದ ಹೊಗೆ ಆಫೀಸಿನಿಂದ ದೊಡ್ಡ ಪರವಾನಗಿ ತರಬೇಕು, ತೆಂಗಿನ ಮರವನ್ನೂ ಮೀರಿಸುವ ಚಿಮಣಿ ಎಬ್ಬಿಸಬೇಕು, ಮಸಿ ಹಿಡಿಯುವ ಯಂತ್ರ ಹಾಕಿಸಬೇಕು. ಅದೇ ಬಾಯ್ಲರು ಗಾಲಿಯ ಮೇಲೆ ನಿಂತಿದ್ದರೆ ಇದ್ಯಾವುದೂ ಬೇಡ. ಅದು ತಾತ್ಕಾಲಿಕ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಅದಕ್ಕೆ ಸಣ್ಣ ಪರವಾನಗಿ, ಮೋಟು ಚಿಮಣಿ ಸಾಕು. ಒಂದು ಜಾಗದಲ್ಲಿ ಆರು ತಿಂಗಳು ಇರಬಹುದು. ಫ್ಯಾಕ್ಟರಿಯ ಮ್ಯಾನೇಜರ್ ಅನಂತರಾಜು ಈ ನಿಯಮ ಓದಿ, ‘ಒಂದು ಜಾಗದಲ್ಲಿ’ ಅನ್ನುವ ಕಡೆ ಬೆರಳಿಟ್ಟು ನಕ್ಕರಂತೆ. ಓದಿದವರು ನಗುವುದು ಇಂಥ ಕಡೆಯೇ.

೨೦೦೩ರಲ್ಲಿ ಬಾಯ್ಲರು ನಾಲ್ಕು ಗಾಲಿಯ ಮೇಲೆ ಬಂತು. ಆರು ತಿಂಗಳಾದ ಮೇಲೆ ನಮ್ಮೂರ ಪುಟ್ಟಸ್ವಾಮಿಯ ಟ್ರ್ಯಾಕ್ಟರು ಅದನ್ನು ಕಾಂಪೌಂಡಿನ ಈ ಮೂಲೆಯಿಂದ ಆ ಮೂಲೆಗೆ ಎಳೆಯಿತು. ಹೊಸ ಜಾಗ, ಹೊಸ ಫೋಟೋ, ಹೊಸ ಪರವಾನಗಿ. ಮತ್ತೆ ಆರು ತಿಂಗಳಾದ ಮೇಲೆ ಆ ಮೂಲೆಯಿಂದ ಈ ಮೂಲೆಗೆ. ವರ್ಷಗಟ್ಟಲೆ ಹೀಗೇ ನಡೆಯಿತು. ಹೊಗೆ ಆಫೀಸಿನ ಲೆಕ್ಕದಲ್ಲಿ ನಮ್ಮೂರಿಗೆ ಹತ್ತು ಹನ್ನೆರಡು ಬಾಯ್ಲರು ಬಂದು, ಕೆಲಸ ಮುಗಿಸಿ, ಮರ್ಯಾದೆಯಿಂದ ವಾಪಸು ಹೋಗಿದ್ದವು. ನಮ್ಮ ಕಣ್ಣಿಗೆ ಕಂಡದ್ದು ಒಂದೇ.

ದಾಸಪ್ಪನ ಕೆಲಸ ಅದಕ್ಕೆ ಸೌದೆ ಹಾಕುವುದು. ಬಾಯ್ಲರು ತಾತ್ಕಾಲಿಕವಾದ್ದರಿಂದ ಅವನೂ ತಾತ್ಕಾಲಿಕ. “ಅದು ಯಾವತ್ತು ಕಾಯಂ ಆಗುತ್ತೋ ಅವತ್ತೇ ನೀನೂ ಕಾಯಂ,” ಅಂತ ಅನಂತರಾಜು ಮಾತು ಕೊಟ್ಟಿದ್ದರು. ಅವತ್ತಿನಿಂದ ದಾಸಪ್ಪ ಆ ಕಬ್ಬಿಣದ ಪೀಪಾಯಿಯನ್ನು ನೋಡುವ ರೀತಿಯೇ ಬದಲಾಯಿತು. ಜೊತೆಗೆ ಹುಟ್ಟಿದವನನ್ನು ನೋಡಿದಂತೆ ನೋಡುತ್ತಿದ್ದ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ ಹೊಗೆ ಆಫೀಸು ಒಪ್ಪಿದರೂ ಒಪ್ಪದ ಒಂದು ಆಫೀಸು ದಾಸಪ್ಪನ ಮನೆಯಲ್ಲೇ ಇತ್ತು. ಅದು ಅವನ ಹೆಂಡತಿ ಬೋರಮ್ಮ. ಅವಳು ರೇಷ್ಮೆ ಹುಳ ಮೇಯಿಸುತ್ತಿದ್ದಳು. ಹುಳ ಮೇಯುವಷ್ಟು ದಿನ ಆ ಮನೆಯ ಗಾಳಿಗೆ ಇದ್ದ ಕಾನೂನು ಯಾವ ಸರ್ಕಾರದಲ್ಲೂ ಇಲ್ಲ. ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ಬೀಡಿಯ ಮಾತಂತೂ ಇಲ್ಲವೇ ಇಲ್ಲ. ದೇವರಿಗೆ ಊದುಬತ್ತಿ ಸಹಿತ ಬೀದಿಯಲ್ಲಿ ಹಚ್ಚಬೇಕು. ನೆಂಟರು ಬಂದರೆ ಹಿತ್ತಲಲ್ಲಿ ಕಾಲು ತೊಳೆದು, ಜಗಲಿಯಲ್ಲೇ ನೀರು ಕುಡಿದು, ಸುಖದುಃಖ ಮಾತಾಡಿ ಹೊರಡಬೇಕು. ಇಂಥ ಮನೆಗೆ ದಿನವಿಡೀ ಹೊಗೆಯಲ್ಲಿ ನಿಂತ ಗಂಡ ಸಂಜೆ ಬಂದರೆ ಏನು ಮಾಡುತ್ತಾಳೆ?

“ಅಲ್ಲೇ ನಿಂತ್ಕಳಿ. ಒಳೀಕ್ ಬರ್ಬ್ಯಾಡಿ,” ಅನ್ನುತ್ತಿದ್ದಳು. “ನಿಮ್ ಮೈನಾಗೆ ಬಾಯ್ಲರ್ ಐತೆ.”

ಹಾಗಾಗಿ ದಾಸಪ್ಪ ಜಗಲಿಯಲ್ಲೇ ಉಂಡು ಜಗಲಿಯಲ್ಲೇ ಮಲಗುತ್ತಿದ್ದ. ಇದನ್ನು ಹೇಳಿ ನಾವೆಲ್ಲ ಗೇಲಿ ಮಾಡಿದರೆ ಅವನೂ ನಗುತ್ತಿದ್ದ. ಆದರೆ ಹುಳದ ವಿಷಯದಲ್ಲಿ ಅವಳ ಮಾತಿಗೆ ಎದುರಾಡಿದವನಲ್ಲ. ಹೊಲ ಹೋದ ಮೇಲೆ, ಮಗಳು ಮದುವೆಯಾಗಿ ಸೋಲೂರಿನ ಕಡೆ ಹೋದ ಮೇಲೆ, ಬೋರಮ್ಮನಿಗೆ ತನ್ನದು ಅಂತ ಉಳಿದದ್ದು ಆ ಹುಳದ ಮನೆಯೊಂದೇ. ಹುಳಕ್ಕೆ ರೋಗ ತಗುಲಿ ಊರಿಗೆ ಊರೇ ತಟ್ಟೆಯ ಹುಳವನ್ನು ತಿಪ್ಪೆಗೆ ಸುರಿದ ವರ್ಷವೂ ಅವಳ ಬೆಳೆ ಎದ್ದಿತ್ತು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಗಫಾರ್ ಸಾಬರು, “ಬೋರಮ್ಮನೋರ ಗೂಡು ಬಂದೈತಾ?” ಅಂತ ಹೆಸರು ಹಿಡಿದು ವಿಚಾರಿಸುತ್ತಿದ್ದರು. ನಮ್ಮೂರಿನ ಇನ್ಯಾರ ಹೆಸರನ್ನೂ ರಾಮನಗರದಲ್ಲಿ ಯಾರೂ ಕೇಳಿದ್ದಿಲ್ಲ, ಡೈರಿ ಕಾರ್ಯದರ್ಶಿಯದೂ ಸೇರಿ.

ಅಪಾಯ ಮೈಯ ವಾಸನೆಗಿಂತ ದೊಡ್ಡದಿತ್ತು. ಕಾಂಪೌಂಡಿನ ಒಂದು ಮೂಲೆ ಬಂಡೆಯ ಕಡೆಗೆ, ಇನ್ನೊಂದು ಮೂಲೆ ಬೋರಮ್ಮನ ತೋಟದ ಕಡೆಗೆ. ಆಷಾಢದಲ್ಲಿ ಪಡುವಣ ಗಾಳಿ ಬೀಸುವಾಗ ಬಾಯ್ಲರು ತೋಟದ ಮೂಲೆಯಲ್ಲಿದ್ದರೆ ಮಸಿಯೆಲ್ಲ ನೇರವಾಗಿ ಹಿಪ್ಪುನೇರಳೆ ಸೊಪ್ಪಿನ ಮೇಲೆ. ಮಸಿ ಕೂತ ಸೊಪ್ಪು ತಿಂದ ಹುಳ ಬದುಕುವುದಿಲ್ಲ. ಬಾಯ್ಲರು ಬಂಡೆಯ ಮೂಲೆಯಲ್ಲಿದ್ದರೆ ಮಸಿ ಬಂಡೆಗೆ. ಬಂಡೆ ಯಾರ ಮೇಲೂ ದೂರು ಕೊಡುವುದಿಲ್ಲ. ದೀಪಾವಳಿ ಕಳೆದು ಗಾಳಿ ತಿರುಗಿದ ಮೇಲೆ ಯಾವ ಮೂಲೆಯಾದರೂ ಸರಿ.

ದಾಸಪ್ಪ ಇದನ್ನು ಯಾರಿಗೂ ಹೇಳಲಿಲ್ಲ. ಆಷಾಢ ಹುಟ್ಟುವ ಮುಂಚೆ ಬಾಯ್ಲರು ಬಂಡೆಯ ಮೂಲೆ ಸೇರುವಂತೆ ನೋಡಿಕೊಂಡ. ಪುಟ್ಟಸ್ವಾಮಿಗೆ ಕಾಫಿ ಕುಡಿಸಿ, “ನಾಳೀಕೇ ಎಳ್ದುಬುಡನ ಕಣ್ಲಾ,” ಅನ್ನುತ್ತಿದ್ದ. ಮ್ಯಾನೇಜರಿಗೆ ತಾರೀಕು ನೆನಪಿಸುತ್ತಿದ್ದವನೂ ಅವನೇ. ಇಂಥ ನಿಷ್ಠೆ ನೋಡಿ ಅನಂತರಾಜು ಬೆನ್ನು ತಟ್ಟುತ್ತಿದ್ದರು. ಕಾನೂನಿಗೆ ಟೋಪಿ ಹಾಕಲು ಅವರು ಕಟ್ಟಿದ ಆಟವನ್ನೇ ಹಿಡಿದು ಇವನು ಆರು ವರ್ಷ ಹೆಂಡತಿಯ ಹುಳ ಕಾದ. ನಮ್ಮ ತಾಲ್ಲೂಕಿನಲ್ಲಿ ಗಾಳಿಯನ್ನು ಕಾಪಾಡಿದವರು ಯಾರಾದರೂ ಇದ್ದರೆ ಅದು ಆ ನಾಲ್ಕು ಗಾಲಿಗಳು.

ಅದರ ನಡುವೆಯೂ ತಾನು ಕಾಯಂ ಆಗಲಿ ಅಂತ ಹನುಮಂತರಾಯನಿಗೆ ಹರಕೆ ಕಟ್ಟಿದ್ದ. ಗಾಲಿ ಉರುಳುವುದು, ತಾನು ಕಾಯಂ ಆಗುವುದು ಎರಡೂ ಒಟ್ಟಿಗೆ ನಡೆಯದು ಅಂತ ಅವನಿಗೆ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ.

೨೦೦೯ರಲ್ಲಿ ಬಾಯ್ಲರನ್ನು ತೋಟದ ಮೂಲೆಯಿಂದ ಬಂಡೆಯ ಮೂಲೆಗೆ ಎಳೆಯುವ ತಾರೀಕು ಬಂದ ಹೊತ್ತಿಗೆ ಬೋರಮ್ಮನ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳ ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಆಗ ಮನೆಯಲ್ಲಿ ಜೋರಾಗಿ ಮಾತು ಕೂಡ ಆಡುವುದಿಲ್ಲ. ಬಾಯ್ಲರಿನ ದಾರಿ ಹುಳದ ಮನೆಯ ಗೋಡೆಗೆ ಒತ್ತಿಕೊಂಡೇ ಹೋಗುತ್ತಿತ್ತು.

“ಟ್ರ್ಯಾಕ್ಟ್ರು ಹೋದ್ರೆ ಗೋಡೆ ನಡುಗ್ತದೆ. ಹುಳ ಜ್ವರ ಎದ್ಮ್ಯಾಕೆ ಎಳ್ಕಳಿ,” ಅಂದಳು ಬೋರಮ್ಮ.

ದಾಸಪ್ಪ ಮ್ಯಾನೇಜರಿಗೆ ಏನೋ ಸಬೂಬು ಹೇಳಿ ತಡೆದ. ಹುಳ ಜ್ವರ ಎದ್ದವು, ಹಸಿದು ಸೊಪ್ಪು ಮುಕ್ಕಿದವು. ದಾಸಪ್ಪ ಪುಟ್ಟಸ್ವಾಮಿಯ ಮನೆಗೆ ಓಡಿದ. ಅಷ್ಟರಲ್ಲಿ ಆಷಾಢ ಹುಟ್ಟಿಬಿಟ್ಟಿತ್ತು.

“ಆಷಾಡ್ದಲ್ಲಿ ಒಲೆ ಜಾಗ ಬದ್ಲಾಯಿಸ್ತಾರೇನ್ಲಾ?” ಅಂದ ಪುಟ್ಟಸ್ವಾಮಿ. “ಒಲೆ ಕದಲಿಸ್ದೋನ್ ಮನೆ ಉದ್ಧಾರಾಯ್ತದಾ? ನನ್ ಟ್ರ್ಯಾಕ್ಟ್ರು ಕಟ್ಟಕಿಲ್ಲ. ಶ್ರಾವಣ ಬರ್ಲಿ.”

ದಾಸಪ್ಪನೂ ಅದನ್ನೇ ನಂಬಿದವನು. ಬೋರಮ್ಮನೂ ಕೇಳಿ, “ಊ, ಅದೂ ನಿಜವೇ,” ಅಂದಳು. ಆ ಬೆಳೆಯ ಕೊನೆಯ ಮೇವಿಗೆ ಊರಾಚೆಯವರ ತೋಟದಿಂದ ಸೊಪ್ಪು ಹೊತ್ತು ತಂದು ಹೇಗೋ ಗೂಡು ಕಟ್ಟಿಸಿದಳು. ಒಂದು ತಿಂಗಳ ಮಾತು ತಾನೇ ಅಂತ ಇಬ್ಬರೂ ಸಮಾಧಾನ ಮಾಡಿಕೊಂಡರು.

ಆ ತಿಂಗಳಲ್ಲೇ ಹೊಗೆ ಆಫೀಸಿನಿಂದ ನಟರಾಜು ಅನ್ನುವ ಹೊಸ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಬಿಗಿ. ತಾರೀಕು ದಾಟಿದರೂ ಬಾಯ್ಲರು ಇದ್ದಲ್ಲೇ ಇದೆಯಲ್ಲ, ಯಾಕೆ ಅಂತ ಕೇಳಿದರು. ಅನಂತರಾಜು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದಾಸಪ್ಪ ಬಾಯಿ ಬಿಟ್ಟ.

“ಆಷಾಡ ಅಲ್ವಾ ಸಾ. ಒಲೆ ಕದಲಿಸ್ಬಾರ್ದು.”

“ಇದು ಒಲೆನೇನ್ರೀ?”

“ಇನ್ನೇನ್ ಸಾ? ಸೌದೆ ಹಾಕ್ತೀನಿ, ನೀರ್ ಕಾಯ್ತದೆ. ಆರೊರ್ಸದಿಂದ ನಾನೇ ಉರಿ ಹಾಕ್ತಿವ್ನಿ.”

“ಆರು ವರ್ಷದಿಂದ? ಇದಕ್ಕೇ?”

“ಇದ್ಕೇಯ. ಇನ್ನೊಂದ್ ಎಲ್ಲೈತೆ?”

ಅನಂತರಾಜು ಬಂಡೆಯ ಕಡೆ ನೋಡುತ್ತಾ ನಿಂತರಂತೆ. ನಟರಾಜು ಬಾಯ್ಲರನ್ನು ಒಂದು ಸುತ್ತು ಹಾಕಿ ಬಂದು, “ನಮ್ಮ ಮನೇಲೂ ಆಷಾಢದಲ್ಲಿ ಒಲೆ ಮುಟ್ಟಲ್ಲ,” ಅಂದರು. ಆಮೇಲೆ ಬರೆದುಕೊಂಡರು: ಇದು ಕದಲುವ ಯಂತ್ರವಲ್ಲ, ಕಾಯಂ ಯಂತ್ರ. ಗಾಲಿ ಬಿಚ್ಚಿ ನೆಲಕ್ಕೆ ಕೂರಿಸತಕ್ಕದ್ದು, ದೊಡ್ಡ ಪರವಾನಗಿ ಪಡೆಯತಕ್ಕದ್ದು.

ಊರಿನವರಿಗೆ ಹಬ್ಬವಾಯಿತು. ಕೊನೆಗೂ ಕಾನೂನು ಬಂತಲ್ಲ ಅಂತ ಡೈರಿ ಮುಂದೆ ಭಾಷಣಗಳಾದವು. ಶ್ರಾವಣದಲ್ಲಿ ಕಾಂಕ್ರೀಟು ಹಾಕಿ, ಕುಂಬಳಕಾಯಿ ಒಡೆದು, ಬಾಯ್ಲರನ್ನು ನೆಲಕ್ಕೆ ಕೂರಿಸಿದರು. ದಾಸಪ್ಪನೂ ಅವತ್ತೇ ಕಾಯಂ ಆದ. ಖಾಕಿ ಅಂಗಿ, ಕೊರಳಿಗೆ ಕಾರ್ಡು. ಎಲ್ಲರಿಗೂ ಮೈಸೂರು ಪಾಕು ಹಂಚಿದ. ನಾನೂ ಎರಡು ತಿಂದೆ.

ಕೂರಿಸಿದ್ದು ಮಾತ್ರ ತೋಟದ ಮೂಲೆಯಲ್ಲಿ. ಒಸಿ ಬಂಡೆ ಕಡೆಗೆ ಕೂರಿಸಿ ಸಾ ಅಂತ ದಾಸಪ್ಪ ಮ್ಯಾನೇಜರನ್ನು ಬೇಡಿಕೊಂಡಿದ್ದ. ಅಧಿಕಾರಿ ನೋಡಿದ ಜಾಗವನ್ನೇ ಪರವಾನಗಿಯಲ್ಲಿ ಕಾಣಿಸಿ ಆಗಿತ್ತು. ಜಾಗ ಬದಲಿಸಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು ಅಂತ ಅನಂತರಾಜು ಒಪ್ಪಲಿಲ್ಲ. ಎತ್ತರದ ಚಿಮಣಿಗೂ ಮಸಿ ಹಿಡಿಯುವ ಯಂತ್ರಕ್ಕೂ ಕಾಲಾವಕಾಶ ಕೇಳಿದರು, ಸಿಕ್ಕಿತು. ಅವು ಬರುವವರೆಗೆ ಮೋಟು ಚಿಮಣಿಗೆ ತಾತ್ಕಾಲಿಕ ಒಪ್ಪಿಗೆ. ಹೀಗೆ ಬಾಯ್ಲರು ಕಾಯಂ, ಬೆಂಕಿ ಹಾಕುವವನು ಕಾಯಂ, ಚಿಮಣಿ ಮಾತ್ರ ತಾತ್ಕಾಲಿಕವಾಗಿ ಉಳಿಯಿತು.

ಬೋರಮ್ಮ ಮುಂದಿನ ಬೆಳೆಗೆ ಸೊಪ್ಪನ್ನು ಒಂದೊಂದೇ ಎಲೆ ತೊಳೆದು, ಸೀರೆಯ ಮೇಲೆ ಹರಡಿ ಆರಿಸಿ ಹಾಕಿದಳು. ತೇವದ ಸೊಪ್ಪು ಹುಳಕ್ಕೆ ಆಗದು, ಮಸಿಯ ಸೊಪ್ಪೂ ಆಗದು. ಹುಳ ಮೆತ್ತಗಾಗಿ, ಕಪ್ಪಾಗಿ, ತಟ್ಟೆಯಲ್ಲೇ ಸತ್ತವು. ಬೋರಮ್ಮನ ಹುಳ ಸತ್ತದ್ದನ್ನು ನಾವು ನೋಡಿದ್ದು ಅದೇ ಮೊದಲು. ಅವಳು ಕೂಗಾಡುತ್ತಾಳೆ ಅಂತ ಹೆದರಿಕೊಂಡೇ ಹೋಗಿದ್ದೆ. ಅವಳು ತಟ್ಟೆ ತಿಕ್ಕುತ್ತಿದ್ದಳು. ಕೂಗಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ದಾಸಪ್ಪ ಹೊಗೆ ಆಫೀಸಿಗೆ ಹೋದ. ನನ್ನನ್ನೂ ಕರೆದುಕೊಂಡು ಹೋದ.

“ಸಾ, ಬಾಯ್ಲರ್‌ನ ಮತ್ತೆ ಟೆಂಪರವರಿ ಮಾಡ್ಬುಡಿ. ನನ್ನೂ ಮಾಡ್ಬುಡಿ, ಬೇಜಾರಿಲ್ಲ.”

ಕಾಯಂ ಮಾಡಿ ಅಂತ ಅಳುವವರನ್ನು ದಿನಾ ನೋಡುವ ಆಫೀಸು ಅದು. ಇವನ ಮಾತು ಕೇಳಿ ಪಕ್ಕದ ಮೇಜಿನವರೂ ತಿರುಗಿ ನೋಡಿದರು. ನಟರಾಜು ನಗಲಿಲ್ಲ. ಕಾಯಂನಿಂದ ಕೆಳಕ್ಕೆ ಇಳಿಸಲು ನಿಯಮವಿಲ್ಲ, ಆದರೆ ಗಾಳಿ ಅಳೆಸುತ್ತೇನೆ ಅಂದರು. ಅಳೆಯುವ ಯಂತ್ರಕ್ಕೆ ಕರೆಂಟು ಬೇಕು, ಹೇಳಿದ ಹೊತ್ತಿಗೆ ಕರೆಂಟು ಇರುವುದು ಡೈರಿಯಲ್ಲಿ. ಅದನ್ನು ನನ್ನ ಡೈರಿಯ ಮೇಲೆ ಇಟ್ಟರು. ಡೈರಿ ಇರುವುದು ಊರಿನ ಈ ತುದಿಯಲ್ಲಿ, ಫ್ಯಾಕ್ಟರಿ ಆ ತುದಿಯಲ್ಲಿ. ನಮ್ಮೂರ ಗಾಳಿ ಪಾಸಾಯಿತು. ಫೇಲಾದದ್ದು ಹುಳ ಮಾತ್ರ.

ಇನ್ನೊಂದು ಬೆಳೆಯೂ ಹೋದ ಮೇಲೆ ಬೋರಮ್ಮ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲವನ್ನೂ ಗೂಡ್ಸ್ ಆಟೋಗೆ ಹೇರಿಸಿದಳು. ಅವಳ ತವರು ದೊಡ್ಡಆಲಹಳ್ಳಿ. ಅಲ್ಲಿ ಅಣ್ಣನ ಹಿಪ್ಪುನೇರಳೆ ತೋಟವಿದೆ, ಸುತ್ತ ಎಲ್ಲೂ ಚಿಮಣಿಯಿಲ್ಲ. ಜಗಳವಿಲ್ಲ, ಶಾಪವಿಲ್ಲ. ದಾಸಪ್ಪನೇ ನಿಂತು ಹಗ್ಗ ಬಿಗಿದ. ಅವನು ಜೊತೆಗೆ ಹೋಗುವಂತಿರಲಿಲ್ಲ. ಊರಿಗೆಲ್ಲ ಸಿಹಿ ಹಂಚಿ ಪಡೆದ ಕೆಲಸ. ತಂಗಿಯ ಜೊತೆ ಅವಳ ಗಂಡನೂ ಬಂದು ಕೂತರೆ ಆ ಅಣ್ಣನಾದರೂ ಎಷ್ಟು ದಿನ ಸಹಿಸಿಯಾನು?

ಈಗ ದಾಸಪ್ಪ ವಾರದ ರಜೆಯಲ್ಲಿ ಬಸ್ಸು ಹಿಡಿದು ಹೆಂಡತಿಯನ್ನು ನೋಡಿಕೊಂಡು ಬರುತ್ತಾನೆ. ರಜೆ ಕಾಯಂ ಆದವರಿಗೆ ಮಾತ್ರ ಇರುವ ಸವಲತ್ತು. ರಾಮನಗರದಲ್ಲಿ ಗಫಾರ್ ಸಾಬರು ಈಗಲೂ ಬೋರಮ್ಮನ ಗೂಡು ಕೇಳುತ್ತಾರೆ, ಅದು ದೊಡ್ಡಆಲಹಳ್ಳಿಯಿಂದ ಬರುತ್ತದೆ, ಅಷ್ಟೇ ವ್ಯತ್ಯಾಸ. ಮೊನ್ನೆ ಬೆಳಿಗ್ಗೆ ದಾಸಪ್ಪ ಹಾಲು ಹಾಕಲು ಬಂದಾಗ ನನಗೆ ತಡೆಯಲಾಗಲಿಲ್ಲ.

“ಏನ್ಲಾ ದಾಸಪ್ಪ, ಬೋರಮ್ಮ ಎಂದಿಗ್ಲಾ ಬರೋದು?”

“ನಾನೂ ಅದ್ನೇ ಕೇಳ್ದೆ ಕಣಣ್ಣ,” ಅಂದ. “‘ಸುಮ್ಕಿರಿ, ಟೆಂಪರವರಿಯಾಗಿ ಬಂದಿವ್ನಿ’ ಅಂದ್ಲು.”

ಅವಳು ಅವನ ಸಮಾಧಾನಕ್ಕೇ ಹೇಳಿದ್ದಳು. ಆದರೆ ಆ ಮಾತಿನ ಆಯಸ್ಸು ಎಷ್ಟು ಅಂತ ದಾಸಪ್ಪನಿಗಿಂತ ಚೆನ್ನಾಗಿ ಗೊತ್ತಿರುವವರು ನಮ್ಮೂರಲ್ಲಿ ಯಾರೂ ಇಲ್ಲ.